ಬಸ್ಸಿನಲ್ಲಿ ಬಂದ ಕಪ್

ಕಾಲೇಜಿನ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ನೆನಪಾದದ್ದು ತರಗತಿಯಲ್ಲ, ಹಿಂದುಗಡೆಯ ವಾಲಿಬಾಲ್ ಕೋರ್ಟು. ಮಳೆ ಬಂದರೆ ಸುಣ್ಣದ ಗೆರೆ ಅಳಿಸಿಹೋಗುತ್ತಿತ್ತು. ನೆಟ್ ಹರಿದರೆ ನಾವೇ ಹೊಲಿಯುತ್ತಿದ್ದೆವು. ನಾನು ಆಡಿದ್ದು ಕಡಿಮೆ, ಬೆಂಚಿನಲ್ಲಿ ಕೂತದ್ದೇ ಜಾಸ್ತಿ.

ಆದರೂ ಅಂತರ ಕಾಲೇಜು ಕಪ್ ಗೆದ್ದ ವರ್ಷ ತಂಡದಲ್ಲಿದ್ದೆ. ಕೆಂಪು ಬಸ್ಸಿನಲ್ಲಿ ಹಾಸನಕ್ಕೆ ವಾಪಸ್ ಬರುವಾಗ ಆ ಕಪ್ ನನ್ನ ತೊಡೆಯ ಮೇಲಿತ್ತು. ಪಕ್ಕದ ಅಜ್ಜಿ, "ಏನವ್ವಾ, ಯಾರ್ ಮದ್ವೆಗೆ ಈ ಪಾತ್ರೆ?" ಅಂದರು. ವಿಷಯ ಹೇಳಿದೆ. "ನಮ್ ಹಾಸನದ್ ಮಕ್ಳು ಗೆದ್ದವ್ರಂತೆ!" ಎಂದು ಅಜ್ಜಿ ಇಡೀ ಬಸ್ಸಿಗೆ ಸಾರಿಬಿಟ್ಟರು. ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೋ ಬಂತು. ನನ್ನ ಹೆಸರು ತಪ್ಪಾಗಿತ್ತು. ಗೇಟಿನೆದುರಿನ ಟೀ ಅಂಗಡಿಯಣ್ಣ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು.

ಎಂ.ಎಸ್. ಓದಲು ಅಮೆರಿಕದ ನೆಬ್ರಾಸ್ಕಾಕ್ಕೆ ಬಂದೆ. ಈ ರಾಜ್ಯ ಕರ್ನಾಟಕಕ್ಕಿಂತ ಕೊಂಚ ದೊಡ್ಡದು, ಜನ ಮಾತ್ರ ನಮ್ಮ ಹಾಸನ ಜಿಲ್ಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅಮೆರಿಕನ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್‌ನ ದೊಡ್ಡ ಲೀಗ್‌ಗಳ ತಂಡ ಒಂದೂ ಇಲ್ಲಿಲ್ಲ. ಹಾಗಾಗಿ ರಾಜಧಾನಿ ಲಿಂಕನ್ನಿನ ವಿಶ್ವವಿದ್ಯಾಲಯದ ತಂಡವೇ ರಾಜ್ಯದ ತಂಡ. ಅದರ ಹೆಸರು ಕಾರ್ನ್‌ಹಸ್ಕರ್ಸ್. ಅಂದರೆ ಮುಸುಕಿನ ಜೋಳದ ತೆನೆ ಸುಲಿಯುವವರು. ನಮ್ಮ ಕಡೆಯೂ ಇಟ್ಟುಕೊಳ್ಳಬಹುದಾದ ಹೆಸರು, ಅಲ್ವಾ?

ನಾನು ಬಂದ ಹೊಸದರಲ್ಲೇ, 2023ರ ಆಗಸ್ಟ್ 30ರಂದು, ಆ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದ ನಡುವೆ ವಾಲಿಬಾಲ್ ಕೋರ್ಟು ಹಾಕಿದರು. ಹೆಣ್ಣುಮಕ್ಕಳ ಆಟ. ಮೊದಲು ಕಾರ್ನಿ ಮತ್ತು ವೇನ್ ಊರುಗಳ ತಂಡಗಳು, ಆಮೇಲೆ ಲಿಂಕನ್ ಮತ್ತು ಓಮಾಹಾ. ನಾಲ್ಕೂ ಅದೇ ರಾಜ್ಯದವು. ಬಂದವರು 92,003 ಜನ. ಹಿಂದಿನ ವರ್ಷ ಬಾರ್ಸಿಲೋನಾದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಸೇರಿದ್ದ 91,648 ಜನರ ಲೆಕ್ಕವನ್ನೂ ಅದು ದಾಟಿತು. ಕಣ್ಣು ಹಾಯಿಸಿದಲ್ಲೆಲ್ಲ ಕೆಂಪು ಅಂಗಿ.

ಲಿಂಕನ್ ಹುಡುಗಿಯರು 3-0 ಗೆದ್ದರು. ನಿಜ ಹೇಳಬೇಕೆಂದರೆ ಆಟಕ್ಕಿಂತ ಪಕ್ಕದಲ್ಲಿ ಕೂತಿದ್ದ ರೈತ ಹೆಂಗಸನ್ನು ನೋಡಿದ್ದೇ ಜಾಸ್ತಿ. ಐದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದರು. ಲಿಂಕನ್ ತಂಡದ ರೆಬೆಕಾ ಆಲಿಕ್ ನೆಟ್ ಬಳಿ ಹಾರಿ ಬ್ಲಾಕ್ ಮಾಡಿದಾಗಲೆಲ್ಲ ನನ್ನ ಭುಜ ತಟ್ಟಿ, "ಇವಳು ಇದೇ ಲಿಂಕನ್ನಿನ ಹುಡುಗಿ" ಎನ್ನುತ್ತಿದ್ದರು. ನನಗೆ ಬಸ್ಸಿನ ಅಜ್ಜಿಯೇ ಕಂಡಂತಾಯಿತು.

"ನೀನೂ ಆಡ್ತಿದ್ಯಾ?" ಎಂದು ಕೇಳಿದರು. "ಕಪ್ ಗೆದ್ದಿದ್ದೇವೆ" ಅಂದೆ. ಬೆಂಚಿನ ವಿಷಯ ಹೇಳಲಿಲ್ಲ. ಅವರು ಹಿಂದಿನ ಸಾಲಿಗೆ ತಿರುಗಿ ಅದನ್ನೂ ಸಾರಿಬಿಟ್ಟರು.

ಆ ಪೇಪರಿನ ತುಣುಕು ಯಾರ ಹತ್ತಿರವಾದರೂ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ. ಹೆಸರು ತಪ್ಪಿದ್ದರೂ ಪರವಾಗಿಲ್ಲ.