"ಅಕ್ಕ, ಇನ್ನೊಂದು ಬ್ರಾಂಚ್ ಯಾಕೆ ಹಾಕಲ್ಲ?"

ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ನಮ್ಮ ಹೋಟೆಲ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಮಾತ್ರ ತೆರೆಯುವ ಗುಡಿ ಅದು. ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ದರ್ಶನ ಮಾಡಿದವರು ಬೆಳಿಗ್ಗೆ ಆರಕ್ಕೇ ಇಡ್ಲಿ ಕೇಳಿಕೊಂಡು ಬರುತ್ತಾರೆ. ಆ ನೂಕುನುಗ್ಗಲಿನಲ್ಲೂ ಬಿಲ್ ಕೊಡುವಾಗ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, "ಅಕ್ಕ, ಇಷ್ಟು ಜನ ಬರ್ತಾರೆ, ಬೆಂಗಳೂರಲ್ಲಿ ಒಂದು ಬ್ರಾಂಚ್ ಯಾಕೆ ಹಾಕಲ್ಲ?"

ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಾ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. "ನೋಡೋಣ" ಅಂದುಬಿಡುತ್ತೇನೆ. ಆದರೆ ಕೇಳುವವರು ನಮ್ಮ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಸಿಗಬೇಕು ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಜ್ಜಯ್ಯ ಕೋಟದ ಕಡೆಯವರು. 1952ರಲ್ಲಿ ಘಟ್ಟ ಹತ್ತಿ ಹಾಸನಕ್ಕೆ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಮನೆಯಲ್ಲಿ ಗದ್ದೆ ಕಮ್ಮಿ, ಅಣ್ಣತಮ್ಮಂದಿರು ಜಾಸ್ತಿ. ಬೇರೆಯವರ ಹೋಟೆಲ್‌ನಲ್ಲಿ ಲೋಟ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಆರು ವರ್ಷಕ್ಕೆ ತಮ್ಮನನ್ನೂ ಕರೆಸಿಕೊಂಡು ಬಿ.ಎಂ. ರಸ್ತೆಯಲ್ಲಿ, ಅಂದರೆ ಬೆಂಗಳೂರು–ಮಂಗಳೂರು ರಸ್ತೆಯಲ್ಲಿ, ನಾಲ್ಕು ಬೆಂಚಿನ ಹೋಟೆಲ್ ಇಟ್ಟರು. ಅಣ್ಣ ಒಲೆ ಮುಂದೆ, ತಮ್ಮ ಗಲ್ಲಾದಲ್ಲಿ.

ಮೊದಲ ಚಳಿಗಾಲದಲ್ಲೇ ಸೋಲು. ಹಿಟ್ಟು ಉಬ್ಬಲಿಲ್ಲ. ಕೋಟದಲ್ಲಿ ಸಂಜೆ ರುಬ್ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬಿ ಬಂದಿರುತ್ತದೆ. ಅಲ್ಲಿ ಕಡಲ ಸೆಕೆ. ಹಾಸನ ಇರುವುದು ಸಮುದ್ರಮಟ್ಟದಿಂದ 3,000 ಅಡಿಗೂ ಮೇಲೆ. ಡಿಸೆಂಬರ್ ರಾತ್ರಿಯಲ್ಲಿ ಹಿಟ್ಟು ಹಾಗೇ ತಣ್ಣಗೆ ಮಲಗಿಬಿಡುತ್ತದೆ. ಅಂಥ ಹಿಟ್ಟಿನ ಇಡ್ಲಿ ಕಲ್ಲು. ಅಜ್ಜಯ್ಯ ರುಬ್ಬುವುದನ್ನು ಮಧ್ಯಾಹ್ನಕ್ಕೆ ತಂದರು. ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕ ಬೆಚ್ಚಗಿನ ಬೂದಿಯ ಮೇಲಿಟ್ಟು ಗೋಣಿಚೀಲ ಹೊದಿಸಿದರು. ಉಪ್ಪು ಹಾಕಿದರೆ ಹುಳಿ ಬರುವುದು ನಿಧಾನ ಆಗುತ್ತದೆ, ಅದಕ್ಕೆ ಚಳಿಗಾಲದಲ್ಲಿ ಉಪ್ಪು ಬೆಳಿಗ್ಗೆ. "ಹಿಟ್ಟಿಗೂ ಚಳಿ ಆತ್ತ್ ಮಗಾ" ಅನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ರಾತ್ರಿ ಅವರ ಜೊತೆ ಲಾಟೀನು ಹಿಡಿದು ಅಡುಗೆಮನೆಗೆ ಹೋಗುತ್ತಿದ್ದೆ. ಅವರು ಗೋಣಿ ಸರಿಸಿ, ಪಾತ್ರೆಯ ಹೊರಗೆ ಅಂಗೈ ಇಟ್ಟು ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಹೊದಿಕೆ ಸಾಲದು ಅನ್ನಿಸಿದರೆ ತಮ್ಮ ಕಂಬಳಿಯನ್ನೇ ಹೊದಿಸಿ ಬರುತ್ತಿದ್ದರು.

ಘಟ್ಟದ ಕೆಳಗಿನಿಂದ ಬಂದು ಹೋಟೆಲ್ ಇಟ್ಟ ಮನೆಗಳ ಕಥೆ ಹೆಚ್ಚುಕಡಿಮೆ ಹೀಗೇ. ಎಲ್ಲರಿಗೂ ಗೊತ್ತಿರುವ ಎಂ.ಟಿ.ಆರ್. ಕೂಡ ಹಾಗೇ ಹುಟ್ಟಿದ್ದು. ಕೋಟದ ಹತ್ತಿರದ ಪರಂಪಳ್ಳಿಯ ಮಯ್ಯ ಸಹೋದರರು ಮೊದಲು ಬೆಂಗಳೂರಿನ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದರು. 1924ರಲ್ಲಿ ಸಣ್ಣ ಕಾಫಿ ಕ್ಲಬ್ ತೆರೆದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಬರ ಬಂತು. ಅಕ್ಕಿ ಬಿಟ್ಟು ರವೆಯಲ್ಲಿ ಇಡ್ಲಿ ಮಾಡಿದರು. ಇವತ್ತು ನಾವೆಲ್ಲ ತಿನ್ನುವ ರವೆ ಇಡ್ಲಿ ಅದೇ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ಇಳಿಸಿದಾಗ, ಅವರು ತಿಂಡಿ ಕೆಡಿಸಲು ಒಪ್ಪಲಿಲ್ಲ. ಅಂದಂದಿನ ನಷ್ಟ ಎಷ್ಟು ಅಂತ ಬೋರ್ಡ್ ಬರೆದು ಹೊರಗೆ ಇಟ್ಟರು. ಕೊನೆಗೆ ಹೋಟೆಲ್ ಮುಚ್ಚಬೇಕಾಯಿತು. ಕೆಲಸದವರನ್ನು ಬಿಡಬಾರದು ಅಂತ ಪುಡಿ, ಮಿಕ್ಸ್ ಮಾಡಿ ಮಾರಿದರು. ಹೋಟೆಲ್ ಮತ್ತೆ ತೆರೆದದ್ದು ಆಮೇಲೆ.

ಆ ಪ್ಯಾಕೆಟ್ ಆಹಾರದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಹೋಟೆಲ್ ಮಾತ್ರ ಮನೆಯವರ ಹತ್ತಿರವೇ ಉಳಿಯಿತು. ಪ್ಯಾಕೆಟ್‌ನಲ್ಲಿರುವ ಪುಡಿಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾರಬಹುದು. ಹೋಟೆಲ್ ಹಾಗಲ್ಲ. ಎಷ್ಟೋ ದಶಕ ಅವರಿಗೂ ಲಾಲ್‌ಬಾಗ್ ಹತ್ತಿರದ ಆ ಒಂದೇ ಹೋಟೆಲ್ ಇತ್ತು. ಮೂರನೇ ತಲೆಮಾರಿನ ಅಕ್ಕ ತಮ್ಮಂದಿರು ಕೆಲಸಕ್ಕೆ ಇಳಿದ ಮೇಲೆ ಬ್ರಾಂಚುಗಳಾದವು, ಸಿಂಗಪುರದವರೆಗೂ ಹೋದವು. ದುಡ್ಡು ಅವರಿಗೆ ಮೊದಲೇ ಇತ್ತು. ಬ್ರಾಂಚ್ ಆದದ್ದು ಮನೆಯಲ್ಲಿ ಜನ ಆದಾಗ. ನನಗೆ ಹಾಗೇ ಅನ್ನಿಸುತ್ತದೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮಗೂ ಒಂದು ಬ್ರಾಂಚ್ ಇತ್ತು. 1986ರಲ್ಲಿ ಚಿಕ್ಕಪ್ಪ ಸಕಲೇಶಪುರದಲ್ಲಿ ತೆರೆದರು. ಶಿರಾಡಿ ಘಾಟಿ ಇಳಿಯುವ ಲಾರಿಯವರು, ಬಸ್ಸಿನವರು, ತೋಟದ ಸಾಹುಕಾರರು, ತೋಟದ ಕೆಲಸದವರು ಎಲ್ಲ ಬರುತ್ತಿದ್ದರು. ಚಿಕ್ಕಪ್ಪನಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಹೋಟೆಲ್‌ನ ಮಹಡಿ ಮೇಲೆಯೇ ಮಲಗುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಆದರೂ ಅವರ ಇಡ್ಲಿ ನಮ್ಮದಕ್ಕಿಂತ ಮೃದು ಇತ್ತು.

1997ರಲ್ಲಿ ಚಿಕ್ಕಪ್ಪ ಹೋಗಿಬಿಟ್ಟರು. ಅಪ್ಪಯ್ಯ ಒಬ್ಬ ಮ್ಯಾನೇಜರ್ ಇಟ್ಟರು. ಒಳ್ಳೆಯ ಮನುಷ್ಯ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಇಲ್ಲ. ತೆಂಗಿನಕಾಯಿ ದರ ಏರಿದರೆ ಚಟ್ನಿಗೆ ಕಾಯಿ ಕಮ್ಮಿ, ಹುರಿಗಡಲೆ ಜಾಸ್ತಿ. ಆಲೂಗಡ್ಡೆ ದುಬಾರಿಯಾದರೆ ದೋಸೆಯೊಳಗೆ ಪಲ್ಯ ತೆಳ್ಳಗೆ. ಲೆಕ್ಕದ ಪ್ರಕಾರ ಅವರು ಮಾಡಿದ್ದು ಸರಿ. ಎಂಟು ತಿಂಗಳಾದ ಮೇಲೆ ಅಪ್ಪಯ್ಯ ಹೇಳದೆ ಕೇಳದೆ ಸಕಲೇಶಪುರಕ್ಕೆ ಹೋದರು. ಗಿರಾಕಿಯ ಹಾಗೆ ಮೂಲೆಯ ಟೇಬಲ್‌ನಲ್ಲಿ ಕೂತು ಒಂದು ಮಸಾಲೆ ದೋಸೆ, ಒಂದು ಕಾಫಿ ತೆಗೆದುಕೊಂಡರು. ಬಿಲ್ ಕೊಟ್ಟರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಅದು ನಮ್ಮ ಹೋಟೆಲ್ ಅಲ್ಲ" ಅಂದರು, ಅಷ್ಟೇ. ಮುಂದಿನ ತಿಂಗಳು ಬೋರ್ಡ್ ಇಳಿಸಿದೆವು. ಅಲ್ಲಿನ ದೋಸೆ ಕಲ್ಲು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಎರಡನೇ ಕಲ್ಲು ಅದೇ.

ಈಗ ಹೋಟೆಲ್ ನೋಡಿಕೊಳ್ಳುವವರು ತಮ್ಮ ಮತ್ತು ನಾನು. ಅವನದು ಅಡುಗೆಮನೆ, ಬೆಳಗಿನ ಜಾವ ಮೂರೂವರೆಗೆ ಎದ್ದು ಹೋಗುತ್ತಾನೆ. ನನ್ನದು ಗಲ್ಲಾ ಮತ್ತು ಸ್ಟೋರ್. ಸ್ಟೋರ್ ಅಂದರೆ ಬೀಗ ಹಾಕಿ ತೆಗೆಯುವ ಕೆಲಸ ಅಂತ ಜನ ತಿಳಿಯುತ್ತಾರೆ. ಆಲೂಗಡ್ಡೆಯನ್ನೇ ನೋಡಿ. ನಮ್ಮ ಜಿಲ್ಲೆಯದೇ ಬೆಳೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೊಸ ಗಡ್ಡೆ ಬರುತ್ತದೆ, ನೀರು ಜಾಸ್ತಿ, ಪಲ್ಯ ಅಂಟಂಟು. ಅದನ್ನು ಬೇಯಿಸಿ ಆರಲು ಬಿಡಬೇಕು. ಕೋಲ್ಡ್ ಸ್ಟೋರೇಜ್‌ನಿಂದ ಬಂದದ್ದು ಸ್ವಲ್ಪ ಸಿಹಿ, ಅದಕ್ಕೆ ಹಸಿಮೆಣಸು ಒಂದು ಹಿಡಿ ಮೇಲೆ. ಮೂಟೆ ಬಿಚ್ಚಿದ ಕೂಡಲೇ ಇದು ಗೊತ್ತಾಗಬೇಕು, ಗೊತ್ತಾದ ಕೂಡಲೇ ಒಳಗೆ ಹೇಳಬೇಕು. ಇದನ್ನು ಬರೆದಿಟ್ಟು ಬೆಂಗಳೂರಿಗೆ ಕಳಿಸಬಹುದು. ಅಲ್ಲಿ ದಿನಾ ಮೂಟೆಗೆ ಕೈ ಹಾಕಿ ನೋಡುವವರು ಯಾರು?

2018ರಲ್ಲಿ ಶಿರಾಡಿ ಘಾಟಿ ಮೊದಲು ಕಾಂಕ್ರೀಟ್ ಕೆಲಸಕ್ಕೆ ತಿಂಗಳುಗಟ್ಟಲೆ ಮುಚ್ಚಿತ್ತು. ತೆರೆದ ಸ್ವಲ್ಪ ದಿನಕ್ಕೇ ಭೂಕುಸಿತಕ್ಕೆ ಮತ್ತೆ ಮುಚ್ಚಿತು. ಮಂಗಳೂರು ಕಡೆಯ ಗಾಡಿಗಳೇ ಇಲ್ಲ. ಇಪ್ಪತ್ತಾರು ಜನ ಕೆಲಸದವರಲ್ಲಿ ಒಬ್ಬರನ್ನೂ ಬಿಡಲಿಲ್ಲ. ತಮ್ಮ ಮತ್ತು ನಾನು ಆ ವರ್ಷ ಮನೆಗೆ ಏನೂ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಯ ಬ್ರಾಂಚ್ ಒಂದು ಇದ್ದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಹಾಗಂತ ಬ್ರಾಂಚ್ ಬೇಡವೇ ಬೇಡ ಅನ್ನುವ ಹಟ ನಮಗಿಲ್ಲ. ತಮ್ಮನ ಮಗನಿಗೆ ಈಗ ಇಪ್ಪತ್ತೆರಡು. ಓದು ಮುಗಿಸಿ ಬಂದಿದ್ದಾನೆ. ಬೇಲೂರಿನಲ್ಲಿ ಒಂದು ಹೋಟೆಲ್ ಇಡುವ ಆಸೆ ಅವನಿಗೆ. 2023ರಲ್ಲಿ ಹೊಯ್ಸಳ ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಲ್ಲ, ಅದನ್ನು ನೋಡಿ. ಅವನ ಲೆಕ್ಕ ಚೆನ್ನಾಗಿದೆ, ಜಾಗವೂ ನೋಡಿಟ್ಟಿದ್ದಾನೆ. ನಾವು ಒಂದೇ ಮಾತು ಹೇಳಿದ್ದೇವೆ: ಒಂದು ಚಳಿಗಾಲ ಪೂರ್ತಿ ಹಿಟ್ಟು ನೀನು ನೋಡಿಕೋ, ಒಂದು ವರ್ಷ ಪೂರ್ತಿ ಸ್ಟೋರ್ ನೋಡಿಕೋ. ಆಮೇಲೆ ಬೇಲೂರಿಗೆ ದುಡ್ಡು ಹೊಂದಿಸುವುದು ನಮ್ಮ ಕೆಲಸ.

ಒಪ್ಪಿಕೊಂಡಿದ್ದಾನೆ. ಸ್ಟೋರ್‌ನ ಇನ್ನೊಂದು ಬೀಗದ ಕೈ ಹೋದ ವಾರ ಅವನಿಗೆ ಕೊಟ್ಟೆ. ಹಿಟ್ಟು ಡಿಸೆಂಬರ್ ಒಂದರಿಂದ.