ಮನುಷ್ಯ ಬೇರೆಯೇ?

1960ರಲ್ಲಿ ಇಂದಿನ ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ಚಿಂಪಾಂಜಿಯೊಂದು ಹುಲ್ಲಿನ ಕಡ್ಡಿಯನ್ನು ಹುತ್ತದ ರಂಧ್ರಕ್ಕೆ ತೂರಿಸಿ, ಅದನ್ನು ಕಚ್ಚಿ ಹಿಡಿದ ಗೆದ್ದಲುಗಳನ್ನು ಹೊರಗೆಳೆದು ತಿನ್ನುವುದನ್ನು ಚಿಂಪಾಂಜಿಗಳ ಅಧ್ಯಯನಕ್ಕೆ ಹೋಗಿದ್ದ ಜೇನ್ ಗುಡಾಲ್ ಕಂಡರು. ಕೆಲವೊಮ್ಮೆ ಚಿಂಪಾಂಜಿಗಳು ಎಲೆಗಳನ್ನು ಸವರಿ ತೆಗೆದು ರೆಂಬೆಯನ್ನು ಈ ಕೆಲಸಕ್ಕೆ ಸಜ್ಜುಗೊಳಿಸುತ್ತಿದ್ದವು. ಉಪಕರಣ ತಯಾರಿಸುವವನು ಮನುಷ್ಯನೊಬ್ಬನೇ ಎಂಬ ನಂಬಿಕೆ ಅಲ್ಲಿಗೆ ಮುರಿದುಬಿತ್ತು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಗೆಗಳಂತೂ ಕಡ್ಡಿಯ ತುದಿಯನ್ನು ಕೊಕ್ಕೆಯಾಗಿಯೇ ರೂಪಿಸುತ್ತವೆ. ಯಾವುದಾದರೂ ಪ್ರಾಣಿ ನಾವು ಎಳೆದ ಗೆರೆಯನ್ನು ದಾಟಿದಾಗಲೆಲ್ಲ ಗೆರೆಯನ್ನೇ ಆಚೆಗೆ ಸರಿಸುವ ನಮ್ಮ ಜಾಣತನ ನನಗೆ ತುಸು ನಗೆ ತರಿಸುತ್ತದೆ.

ಹಾಗೆಂದು ವ್ಯತ್ಯಾಸವೇ ಇಲ್ಲವೆನ್ನುವುದನ್ನೂ ನಾನು ಒಪ್ಪಲಾರೆ. ಚಿಂಪಾಂಜಿ ಮರಿ ತಾಯಿಯನ್ನು ನೋಡಿ ಕಡ್ಡಿ ಹಿಡಿಯಲು ಕಲಿಯುತ್ತದೆ. ಆದರೆ ತಲೆಮಾರುಗಳು ಉರುಳಿದರೂ ಆ ಕಡ್ಡಿ ಬಹುಮಟ್ಟಿಗೆ ಕಡ್ಡಿಯಾಗಿಯೇ ಉಳಿಯುತ್ತದೆ. ನಮ್ಮಲ್ಲಿ ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರು ತಿದ್ದಿ, ಬೆಳೆಸಿ, ಮುಂದಿನವರಿಗೆ ದಾಟಿಸುತ್ತಾರೆ; ಸುಮಾರು 5000 ವರ್ಷಗಳ ಹಿಂದೆ ಬರವಣಿಗೆ ಹುಟ್ಟಿದ ಮೇಲೆ, ಸತ್ತವರ ತಿಳಿವಳಿಕೆಯೂ ಬದುಕಿರುವವರ ಕೈಗೆ ನೇರವಾಗಿ ಸಿಗತೊಡಗಿತು. ಆದ್ದರಿಂದ ನಮ್ಮ ವೈಶಿಷ್ಟ್ಯವನ್ನು ಒಂಟಿ ಮಿದುಳಿನಲ್ಲಿ ಹುಡುಕುವುದು ವ್ಯರ್ಥವೆಂದು ನನ್ನ ಅನಿಸಿಕೆ: ಎಷ್ಟೇ ಬುದ್ಧಿವಂತರಾದರೂ, ಯಾರಿಂದಲೂ ಏನನ್ನೂ ಕಲಿಯದೆ ಬೆಳೆದವರು ಸೊನ್ನೆಯನ್ನಾಗಲಿ ಕಬ್ಬಿಣ ಕರಗಿಸುವ ವಿದ್ಯೆಯನ್ನಾಗಲಿ ಒಂದು ಜನ್ಮದಲ್ಲಿ ತಾವಾಗಿಯೇ ಕಂಡುಹಿಡಿಯುವುದು ಕಷ್ಟ.