ಗಿಡದ ಮಾಂಸ ನಿಜವಾದ ಮಾಂಸಕ್ಕಿಂತ ಒಳ್ಳೆಯದಾ?

"ಮೇಡಂ, ಇದು ಮಾಂಸಕ್ಕಿಂತ ಒಳ್ಳೆಯದು ಅಲ್ವಾ?"

ಊಟ-ತಿಂಡಿ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ಲಾಂಟ್ ಬೇಸ್ಡ್ ಮೀಟ್ ಅಂತ ಪ್ಯಾಕೆಟ್‌ನಲ್ಲಿ ಬರುತ್ತದಲ್ಲ, ಅದರ ಬಗ್ಗೆ. ಸೋಯಾ, ಬಟಾಣಿ, ಗೋಧಿಯ ಪ್ರೋಟೀನಿನಿಂದ ಮಾಂಸದ ರುಚಿ, ಮಾಂಸದ ಹದ ಬರುವ ಹಾಗೆ ಮಾಡಿದ ತಿನಿಸು. ಇಲ್ಲಿ ಅದನ್ನು ಗಿಡದ ಮಾಂಸ ಅಂತಲೇ ಕರೆಯುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಟ್ಟೆಯಿಂದ ಯಾವ ಮಾಂಸ ತೆಗೆದು ಅದರ ಜಾಗದಲ್ಲಿ ಇದನ್ನು ಇಟ್ಟಿರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಸಾಸೇಜ್, ಬೇಕನ್, ಸಲಾಮಿ ತೆಗೆದು ಇಟ್ಟರೆ ಒಳ್ಳೆಯದೇ. ಕೊಬ್ಬು ಜಾಸ್ತಿ ಇರುವ ಕೆಂಪು ಮಾಂಸ ತೆಗೆದರೆ ಸ್ವಲ್ಪ ಒಳ್ಳೆಯದು. ಮೀನು ಅಥವಾ ಚರ್ಮ ತೆಗೆದ ಕೋಳಿ ತೆಗೆದರೆ ಲಾಭ ಕಾಣುವುದಿಲ್ಲ. ಬೇಳೆಕಾಳು ತೆಗೆದು ಇದನ್ನು ಇಟ್ಟರೆ ನಷ್ಟವೇ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆಗಬಾರದು ಕೂಡ. ಅದಕ್ಕೇ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಮೇಲಿನ ಪ್ರಶ್ನೆ ಕೇಳಿದ ಹೆಂಗಸಿನ ಕಥೆಯಿಂದಲೇ ಶುರು ಮಾಡುತ್ತೇನೆ. ಅವರ ಗಂಡನಿಗೆ ಬಿಪಿ. ಮೂರು ತಿಂಗಳಿಂದ ಮನೆಯಲ್ಲಿ ಮಾಂಸ ಪೂರ್ತಿ ನಿಲ್ಲಿಸಿದ್ದರು. ಅದರ ಬದಲು ಗಿಡದ ಮಾಂಸದ ಸಾಸೇಜ್, ಪ್ಯಾಟಿ. ಬಿಪಿ ಮಾತ್ರ ಇಳಿದಿರಲಿಲ್ಲ. "ಬಾಯಿ ಕಟ್ಟಿದ್ದೊಂದೇ ಬಂತು" ಅಂತ ಗಂಡ ಬೇಜಾರು ಮಾಡಿಕೊಂಡಿದ್ದರು. ನಾನು ಪ್ಯಾಕೆಟ್ ಹಿಂದೆ ತಿರುಗಿಸಿ, ಸೋಡಿಯಂ ಅಂತ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟೆ. ಆಮೇಲೆ ಕೇಳಿದೆ, "ಅಡುಗೆ ಮಾಡುವಾಗ ಇದಕ್ಕೆ ಉಪ್ಪು ಹಾಕ್ತೀರಾ?" "ಹಾಕ್ತೀನಿ, ಮಾಂಸಕ್ಕೆ ಹಾಕೋ ಅಷ್ಟೇ" ಅಂದರು. ಅಲ್ಲಿತ್ತು ಎಡವಟ್ಟು. ಕಾರ್ಖಾನೆಯಲ್ಲಿ ಒಮ್ಮೆ ಉಪ್ಪು ಬಿದ್ದಿತ್ತು. ಮನೆಯಲ್ಲಿ ಇನ್ನೊಮ್ಮೆ.

ಅಂಕಿಗಳನ್ನೇ ನೋಡೋಣ. ಅಮೆರಿಕದ ಇಂಪಾಸಿಬಲ್ ಕಂಪನಿ 2019ರಲ್ಲಿ ತಂದ ಬರ್ಗರ್ ಪ್ಯಾಟಿ 113 ಗ್ರಾಂ ಇತ್ತು. ಅದರಲ್ಲಿ 240 ಕ್ಯಾಲೊರಿ, 19 ಗ್ರಾಂ ಪ್ರೋಟೀನ್, 14 ಗ್ರಾಂ ಕೊಬ್ಬು, ಅದರೊಳಗೆ 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು (ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು), 370 ಮಿಲಿಗ್ರಾಂ ಸೋಡಿಯಂ. ಅಷ್ಟೇ ತೂಕದ, 100ಕ್ಕೆ 20 ಪಾಲು ಕೊಬ್ಬಿರುವ ಕೊಚ್ಚಿದ ದನದ ಮಾಂಸದಲ್ಲಿ ಸುಮಾರು 287 ಕ್ಯಾಲೊರಿ, 19 ಗ್ರಾಂ ಪ್ರೋಟೀನ್, 23 ಗ್ರಾಂ ಕೊಬ್ಬು, ಅದರೊಳಗೆ ಸುಮಾರು 9 ಗ್ರಾಂ ಸ್ಯಾಚುರೇಟೆಡ್. ಸೋಡಿಯಂ ಮಾತ್ರ ಬರೀ 75 ಮಿಲಿಗ್ರಾಂ.

ನೋಡಿ, ಪ್ರೋಟೀನ್ ಸರಿಸಮ. ಸ್ಯಾಚುರೇಟೆಡ್ ಕೊಬ್ಬಿನಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಗಿಡದ್ದರಲ್ಲಿ ಕೊಲೆಸ್ಟ್ರಾಲ್ ಇಲ್ಲ, ಜೊತೆಗೆ 3 ಗ್ರಾಂ ನಾರಿನಂಶ ಇದೆ. ಮಾಂಸದಲ್ಲಿ ನಾರು ಇರುವುದೇ ಇಲ್ಲ. ಉಪ್ಪಿನಲ್ಲಿ ಮಾತ್ರ ಐದು ಪಟ್ಟು ಅಂತರ.

ಆದರೆ ಆ 75ರ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹಸಿ ಮಾಂಸದ ಲೆಕ್ಕ. ಉಪ್ಪಿಲ್ಲದ ಮಾಂಸ ಯಾರು ತಿನ್ನುತ್ತಾರೆ? ಕಾಲು ಟೀ ಚಮಚ ಉಪ್ಪಿನಲ್ಲೇ ಸುಮಾರು 575 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅದು ಎರಡು ಪ್ಯಾಟಿಗೆ ಹಂಚಿಹೋದರೂ ಮಾಂಸದ ಲೆಕ್ಕ ಗಿಡದ್ದರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ "ಗಿಡದ ಮಾಂಸದಲ್ಲಿ ಉಪ್ಪು ಐದು ಪಟ್ಟು" ಅಂತ ಹೆದರಿಸುವ ಲೇಖನಗಳು ಅರ್ಧ ಮಾತ್ರ ಹೇಳುತ್ತವೆ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಹಸಿ ಮಾಂಸಕ್ಕೆ ಬೀಳುವ ಉಪ್ಪು ನಿಮ್ಮ ಕೈಯಲ್ಲಿದೆ, ಕಡಿಮೆ ಮಾಡಬಹುದು. ಪ್ಯಾಕೆಟ್‌ನೊಳಗಿನ ಉಪ್ಪನ್ನು ತೆಗೆಯಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಅಂದರೆ ಸುಮಾರು 5 ಗ್ರಾಂ ಉಪ್ಪು. ಬಿಪಿ ಇರುವವರಿಗೆ ನಾನು ಹೇಳುವುದು ಇಷ್ಟೇ: ಇದನ್ನು ಬೇಯಿಸುವಾಗ ಉಪ್ಪಿನ ಡಬ್ಬಿ ಮುಟ್ಟಲೇಬೇಡಿ. ನಿಂಬೆಹಣ್ಣು ಹಿಂಡಿ, ಮೆಣಸು ಹಾಕಿ, ಬೆಳ್ಳುಳ್ಳಿ ಹಾಕಿ.

ಇಷ್ಟಕ್ಕೂ ಇದನ್ನು ಮಾಡುವುದು ಹೇಗೆ? ಇದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಬಟಾಣಿಯನ್ನೇ ತೆಗೆದುಕೊಳ್ಳಿ. ಹಿಟ್ಟು ಮಾಡಿ ನೀರಿನಲ್ಲಿ ಕಲಸುತ್ತಾರೆ. ಸ್ವಲ್ಪ ಕ್ಷಾರ ಸೇರಿಸಿದರೆ ಪ್ರೋಟೀನ್ ನೀರಿಗೆ ಬಿಟ್ಟುಕೊಳ್ಳುತ್ತದೆ. ಪಿಷ್ಟ, ನಾರು ಬೇರೆಯಾಗುತ್ತವೆ. ಆಮೇಲೆ ಆಮ್ಲ ಹಾಕಿದರೆ ಪ್ರೋಟೀನ್ ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಒಣಗಿಸಿ ಪುಡಿ ಮಾಡುತ್ತಾರೆ. ಈ ಪುಡಿಯಲ್ಲಿ 100ಕ್ಕೆ ಸುಮಾರು 80 ಪಾಲು ಪ್ರೋಟೀನೇ. ಮುಂದೆ ಎಕ್ಸ್‌ಟ್ರೂಡರ್ ಅನ್ನುವ ಯಂತ್ರ. ಉದ್ದದ ಕೊಳವೆ, ಒಳಗೆ ತಿರುಗುವ ಸ್ಕ್ರೂ. ನೀರು, ಒತ್ತಡ, 100 ಡಿಗ್ರಿ ದಾಟಿದ ಬಿಸಿ. ಅದರೊಳಗೆ ಪ್ರೋಟೀನಿನ ಗಂಟು ಬಿಚ್ಚಿಕೊಳ್ಳುತ್ತದೆ. ತಣ್ಣಗಿನ ತುದಿಯಿಂದ ಹೊರಬರುವಾಗ ಎಳೆ ಎಳೆಯಾಗಿ ಜೋಡಿಕೊಳ್ಳುತ್ತದೆ. ಹಲ್ಲಿಗೆ ಮಾಂಸದ ನಾರು ಅನ್ನಿಸುವುದು ಈ ಎಳೆ.

ಅದಕ್ಕೆ ಎಣ್ಣೆ, ಬಣ್ಣ, ಪರಿಮಳ, ಉಪ್ಪು ಸೇರುತ್ತದೆ. ಅಂಟಿಗೆ ಮೀಥೈಲ್ ಸೆಲ್ಯುಲೋಸ್ ಅನ್ನುವ ಪದಾರ್ಥ. ಹೆಸರು ಕೇಳಿ ಜನ ಹೆದರುತ್ತಾರೆ. ಗಿಡದ ನಾರನ್ನೇ ಸ್ವಲ್ಪ ಬದಲಿಸಿ ಮಾಡಿದ್ದು ಅದು. ನಮ್ಮ ಹೊಟ್ಟೆ ಅದನ್ನು ಜೀರ್ಣ ಮಾಡಿಕೊಳ್ಳುವುದಿಲ್ಲ, ಬಂದ ಹಾಗೇ ಹೋಗುತ್ತದೆ. ಅದರ ಗುಣ ಮಾತ್ರ ಬಹಳ ಚೆನ್ನಾಗಿದೆ. ಬಿಸಿ ಮಾಡಿದರೆ ಗಟ್ಟಿಯಾಗುತ್ತದೆ, ತಣ್ಣಗಾದರೆ ಸಡಿಲವಾಗುತ್ತದೆ. ನಾನು ಒಮ್ಮೆ ಪ್ಯಾಟಿಯೊಂದನ್ನು ಕಾವಲಿಯ ಮೇಲಿಟ್ಟು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಕೆಂಪು ಮುದ್ದೆಯ ಮೇಲೆ ಬಿಳಿ ಚುಕ್ಕೆಗಳು. ಅದು ಕೊಬ್ಬರಿ ಎಣ್ಣೆ. ಬಿಸಿ ತಾಗುತ್ತಲೇ ಚುಕ್ಕೆ ಕರಗಿ ಚುರ್ ಅಂತ ಸದ್ದು ಬಂತು. ಕೆಂಪು ನಿಧಾನಕ್ಕೆ ಕಂದಾಯಿತು. ಉಳಿದ ಅರ್ಧವನ್ನು ತಟ್ಟೆಯಲ್ಲಿ ಬಿಟ್ಟಿದ್ದೆ. ತಣ್ಣಗಾದ ಮೇಲೆ ಬೆರಳಲ್ಲಿ ಒತ್ತಿದರೆ ಮೊದಲಿಗಿಂತ ಮೆತ್ತಗಿತ್ತು.

ಆ ಕೆಂಪು ಬಣ್ಣ ಕೆಲವು ಕಂಪನಿಯವರದು ಬೀಟ್‌ರೂಟ್ ರಸ. ಇಂಪಾಸಿಬಲ್‌ನವರು ಬಳಸುವುದು ಸೋಯಾ ಗಿಡದ ಬೇರಿನ ಗಂಟಿನಲ್ಲಿ ಸಿಗುವ ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದೂರದ ನೆಂಟ. ಯೀಸ್ಟ್‌ಗೆ ಸೋಯಾದ ಜೀನ್ ಸೇರಿಸಿ ಬೆಳೆಸಿ ತೆಗೆಯುತ್ತಾರೆ. ಮಾಂಸಕ್ಕೆ ಮಾಂಸದ ರುಚಿ ಬರುವುದಕ್ಕೆ ಹೀಮ್ ಅನ್ನುವ ಕಬ್ಬಿಣದ ಅಂಶ ಮುಖ್ಯ ಕಾರಣ. ಇದರಲ್ಲೂ ಅದೇ ಇದೆ.

ಸ್ಯಾಚುರೇಟೆಡ್ ಕೊಬ್ಬು ಅಷ್ಟು ಬಂದದ್ದು ಕೊಬ್ಬರಿ ಎಣ್ಣೆಯಿಂದ. ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಬಟಾಣಿ ಪ್ರೋಟೀನ್ ಬಳಸುವ ಬಿಯಾಂಡ್ ಮೀಟ್ ಕಂಪನಿ 2024ರಲ್ಲಿ ತನ್ನ ಬರ್ಗರ್‌ನಲ್ಲಿ ಕೊಬ್ಬರಿ ಎಣ್ಣೆ ಬಿಟ್ಟು ಅವಕಾಡೊ ಎಣ್ಣೆಗೆ ಬಂತು. ಸ್ಯಾಚುರೇಟೆಡ್ ಕೊಬ್ಬು 2 ಗ್ರಾಂಗೆ ಇಳಿಯಿತು. ಸೋಡಿಯಂ ಕೂಡ ಕಡಿಮೆಯಾಯಿತು. ಅಂದರೆ ಎಲ್ಲಾ ಗಿಡದ ಮಾಂಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಒಂದೇ ಕಂಪನಿಯ ಹಳೇ ಪ್ಯಾಕೆಟ್ಟೂ ಹೊಸ ಪ್ಯಾಕೆಟ್ಟೂ ಬೇರೆ ಬೇರೆ.

ಇನ್ನು ಕ್ಯಾನ್ಸರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಮೊದಲ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ ಅಂತ. ಸಾದಾ ಕೆಂಪು ಮಾಂಸವನ್ನು ಅದರ ಕೆಳಗಿನ ಗುಂಪಿಗೆ, ಬಹುಶಃ ತರಬಹುದು ಅನ್ನುವ ಕಡೆ ಹಾಕಿತು. ತಂಬಾಕೂ ಮೊದಲ ಗುಂಪಿನಲ್ಲೇ ಇದೆ ಅಂತ ಕೇಳಿ ತುಂಬ ಜನ ಗಾಬರಿಯಾಗುತ್ತಾರೆ. ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 18ರಷ್ಟು ಹೆಚ್ಚುತ್ತದೆ ಅಂತ ಅವರ ಲೆಕ್ಕ. 100 ಜನರಲ್ಲಿ 5 ಮಂದಿಗೆ ಬರುವುದಾದರೆ, ಅದು ಸುಮಾರು 6 ಮಂದಿಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಸಣ್ಣದೇ, ಆದರೆ ಸುಳ್ಳಲ್ಲ. ದಿನಾ ಬೆಳಿಗ್ಗೆ ಸಾಸೇಜ್ ತಿನ್ನುವವರು ಗಿಡದ ಸಾಸೇಜಿಗೆ ಬದಲಾದರೆ ನಾನು ಖುಷಿಯಿಂದಲೇ ಹೂಂ ಅನ್ನುತ್ತೇನೆ.

ಜನರ ಮೇಲೆ ನೇರ ಪ್ರಯೋಗ ಮಾಡಿ ನೋಡಿದ್ದಾರಾ? ಮಾಡಿದ್ದಾರೆ. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡದ ಅಧ್ಯಯನ ಬಂತು. 36 ಜನ. 8 ವಾರ ಮಾಂಸ, 8 ವಾರ ಗಿಡದ ಮಾಂಸ. ಒಬ್ಬರೇ ಎರಡನ್ನೂ ತಿಂದರು. ಗಿಡದ ಮಾಂಸ ತಿಂದಾಗ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಸುಮಾರು 10 ಅಂಕ ಕಡಿಮೆ ಇತ್ತು. ತೂಕ ಸುಮಾರು 1 ಕಿಲೋ ಕಡಿಮೆ. ಹೃದಯದ ತೊಂದರೆಗೆ ನಂಟಿರುವ ಟಿಎಂಎಒ ಅನ್ನುವ ಅಂಶವೂ ಇಳಿದಿತ್ತು. ಇದಕ್ಕೆ ಹಣ ಕೊಟ್ಟಿದ್ದು ಬಿಯಾಂಡ್ ಮೀಟ್ ಕಂಪನಿ. ಅಧ್ಯಯನ ನಡೆಸುವುದರಲ್ಲಿ ಕಂಪನಿ ಕೈ ಹಾಕಿಲ್ಲ ಅಂತ ಸಂಶೋಧಕರು ಬರೆದಿದ್ದಾರೆ. ಹಣದ ವಿಷಯ ತಿಳಿದು ಓದುವುದು ಒಳ್ಳೆಯದು, ಅದಕ್ಕೇ ಹೇಳಿದೆ.

2024ರಲ್ಲಿ ಸಿಂಗಾಪುರದಿಂದ ಇನ್ನೊಂದು ಬಂತು. ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇದ್ದ 89 ಜನ, ಅಲ್ಲೂ 8 ವಾರ. ಒಂದು ಗುಂಪಿಗೆ ಮಾಂಸ, ಇನ್ನೊಂದಕ್ಕೆ ಗಿಡದ ಮಾಂಸ. ಎಲ್‌ಡಿಎಲ್‌ನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರಕ್ತದ ಸಕ್ಕರೆ ಹತೋಟಿಯಲ್ಲಿ ಮಾಂಸದ ಗುಂಪೇ ಕೊಂಚ ಮುಂದಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನಾನು ತಿಳಿದುಕೊಂಡದ್ದು ಇದು: ಗಿಡದ ಮಾಂಸ ಔಷಧಿಯಲ್ಲ, ವಿಷವೂ ಅಲ್ಲ. 8 ವಾರ ಅಂದರೆ ಎರಡು ತಿಂಗಳು ಕೂಡ ತುಂಬಲಿಲ್ಲ. ಹೃದಯಾಘಾತ, ಕ್ಯಾನ್ಸರ್ ಬೆಳೆಯುವುದು ಹತ್ತಾರು ವರ್ಷದಲ್ಲಿ. ಇಷ್ಟರ ಮೇಲೆ "ಹೃದಯಕ್ಕೆ ಒಳ್ಳೆಯದು" ಅಂತ ಪ್ಯಾಕೆಟ್ ಮೇಲೆ ಹೃದಯದ ಚಿತ್ರ ಹಾಕುವುದು ನನಗೆ ಒಪ್ಪಿಗೆಯಿಲ್ಲ.

"ಅದು ಅಲ್ಟ್ರಾ ಪ್ರೊಸೆಸ್ಡ್ ಅಲ್ವಾ ಮೇಡಂ?" ಕಾರ್ಖಾನೆಯಲ್ಲಿ ಹಲವು ಹಂತ ದಾಟಿ ತಯಾರಾದ ಆಹಾರ ಅಲ್ವಾ ಅಂತ. ಇದು ಎರಡನೇ ಪ್ರಶ್ನೆ, ಯಾವಾಗಲೂ. ಹೌದು. ಬ್ರೆಜಿಲ್‌ನ ಕಾರ್ಲೋಸ್ ಮೊಂಟೈರೊ ತಂಡ ಆಹಾರವನ್ನು ಎಷ್ಟು ಸಂಸ್ಕರಿಸಿದ್ದಾರೆ ಅಂತ ನೋಡಿ ಮಾಡಿದ ನೋವಾ ವಿಂಗಡಣೆಯಲ್ಲಿ ಇದು ಅದೇ ಗುಂಪಿಗೆ ಬರುತ್ತದೆ. ತಂಪು ಪಾನೀಯ, ಚಿಪ್ಸ್ ಇರುವ ಗುಂಪು. ಅಮೆರಿಕದಲ್ಲಿ ಕೆವಿನ್ ಹಾಲ್ 2019ರಲ್ಲಿ 20 ಜನರನ್ನು ಒಂದೇ ಕಡೆ ಇರಿಸಿಕೊಂಡು, ಎರಡು ವಾರ ಇಂಥ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು ನೋಡಿದರು. ಇಂಥದ್ದು ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಮೆತ್ತಗಿರುತ್ತದೆ, ಬೇಗ ಬೇಗ ಹೊಟ್ಟೆಗೆ ಹೋಗುತ್ತದೆ. ಇದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಸಕ್ಕರೆ ನೀರು ಮತ್ತು 19 ಗ್ರಾಂ ಪ್ರೋಟೀನ್ ಇರುವ ಪ್ಯಾಟಿ ಒಂದೇ ಅಂತ ನಾನು ಒಪ್ಪುವುದಿಲ್ಲ. ಸಾಸೇಜ್, ನಗೆಟ್ ಕೂಡ ಅದೇ ಗುಂಪಿನವು ಅನ್ನುವುದನ್ನೂ ಮರೆಯಬಾರದು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರುವುದು ಇಲ್ಲದ್ದರ ಬಗ್ಗೆ. ಪ್ರೋಟೀನ್ ಅಂಕಿ ಸಮ ಆದ ಮಾತ್ರಕ್ಕೆ ಆಹಾರ ಸಮ ಆಗುವುದಿಲ್ಲ. 2021ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ದನದ ಮಾಂಸ ಮತ್ತು ಗಿಡದ ಮಾಂಸದಲ್ಲಿ 190 ಬಗೆಯ ಸಣ್ಣ ಸಣ್ಣ ಅಂಶಗಳನ್ನು ಅಳೆದರು. ಅದರಲ್ಲಿ 171 ಬೇರೆ ಬೇರೆ ಪ್ರಮಾಣದಲ್ಲಿದ್ದವು. ಕ್ರಿಯಾಟಿನ್‌ನಂಥವು ಮಾಂಸದಲ್ಲಿ, ಫೈಟೊಸ್ಟೆರಾಲ್‌ನಂಥವು ಗಿಡದ್ದರಲ್ಲಿ. ಯಾವುದು ಮೇಲು ಅಂತ ಅಲ್ಲ, ಒಂದರ ನಕಲು ಇನ್ನೊಂದಲ್ಲ ಅಂತ.

ಬಿ12 ವಿಟಮಿನ್ ಗಿಡಗಳಲ್ಲಿ ಸಿಗುವುದಿಲ್ಲ. ಕೆಲವು ಕಂಪನಿಯವರು ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲಾ ಬಿಟ್ಟು ಬರೀ ಇದನ್ನೇ ನಂಬಿದವರಲ್ಲಿ ಬಿ12 ನಿಧಾನವಾಗಿ ಖಾಲಿಯಾಗುತ್ತದೆ. ಲಿವರ್‌ನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಸುಸ್ತು, ಕೈಕಾಲು ಜುಮ್ಮೆನ್ನುವುದು. ನರಕ್ಕೆ ಪೆಟ್ಟಾದರೆ ಪೂರ್ತಿ ಸರಿಯಾಗದೆ ಉಳಿಯಲೂಬಹುದು. ಕಬ್ಬಿಣದ ಕಥೆಯೂ ಸ್ವಲ್ಪ ಹಾಗೇ. ಗಿಡದ ಕಬ್ಬಿಣ ಮೈಗೆ ಹತ್ತುವುದು ಮಾಂಸದ ಕಬ್ಬಿಣಕ್ಕಿಂತ ಕಡಿಮೆ. ಜೊತೆಗೆ ನಿಂಬೆ, ಟೊಮೇಟೊ ಇದ್ದರೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಬಸುರಿಯರು, ಬೆಳೆಯುವ ಮಕ್ಕಳು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರು ಸುಮ್ನೆ ಪ್ಯಾಕೆಟ್ ನಂಬಿ ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ.

ಅಲರ್ಜಿ ಇರುವವರು ಸೋಯಾ, ಗೋಧಿ ಇದೆಯಾ ಅಂತ ನೋಡಿಕೊಳ್ಳಲೇಬೇಕು. ನೆಲಗಡಲೆ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಬಟಾಣಿ ಪ್ರೋಟೀನ್ ಕೂಡ ಆಗಿಬರುವುದಿಲ್ಲ.

ಆ ಹೆಂಗಸಿಗೆ ನಾನು ಪ್ಯಾಕೆಟ್ ಬಿಸಾಡಿ ಅನ್ನಲಿಲ್ಲ. ಗಂಡನಿಗೆ ಅದರ ರುಚಿ ಹಿಡಿಸಿತ್ತು, ದಿನಾ ತಿನ್ನುತ್ತಿದ್ದ ಸಾಸೇಜ್ ಬಿಟ್ಟಿದ್ದರು. ಅದು ಸಣ್ಣ ವಿಷಯವಲ್ಲ. ವಾರಕ್ಕೆ ಎರಡು ಸಲ ಸಾಕು, ಉಪ್ಪು ಸೇರಿಸಬೇಡಿ, ಉಳಿದ ದಿನ ಕಾಳು, ಒಂದೆರಡು ದಿನ ಮೀನು ಅಂದೆ. ಬಿಪಿ ಮಾತ್ರೆ ಬಿಡಬೇಡಿ ಅಂತಲೂ ಹೇಳಿದೆ.

ಹೊರಡುವಾಗ ಅವರು ಕೇಳಿದರು, "ನೀವು ತಿಂತೀರಾ ಮೇಡಂ?" ತಿನ್ನುತ್ತೇನೆ. ನಮ್ಮ ಫ್ರೀಜರ್‌ನಲ್ಲಿ ಒಂದು ಪ್ಯಾಕೆಟ್ ಇರುತ್ತದೆ, ಕಾಳು ನೆನೆಹಾಕಲು ಮರೆತ ದಿನಕ್ಕೆ.